ದಡಕ್ಕೆ ಬಂದ ದೇಹ

ಆಶ್ರಮದ ಕೆಳಗಿನ ಮರಳಿನ ಮೇಲೆ ಕಡಲು ಒಂದು ಭಾರೀ ದೇಹವನ್ನು ತಂದು ಹಾಕಿತ್ತು. ತಲೆ ಕೊಳೆತುಹೋಗಿತ್ತು. ಚರ್ಮವಿರಬೇಕಾದಲ್ಲಿ ಬಿಳಿ ನಾರು ಜೋಲುತ್ತಿತ್ತು.

ತಿಮಿಂಗಿಲ ಎಂದರು ಕೆಲವರು. ಅಲ್ಲವೇ ಅಲ್ಲ, ದೊಡ್ಡ ಶಾರ್ಕು ಎಂದರು ಉಳಿದವರು.

ತಿಮಿಂಗಿಲವಾದರೆ ದಡದ ಮೀನುಗಾರರ ಕೇರಿಯವರು ಮನೆಯ ಹಿರಿಯರು ಸತ್ತಂತೆ ಬಟ್ಟೆ ಹೊದಿಸಿ, ಹಾಲೆರೆದು ಹೂಳುತ್ತಿದ್ದರು. ಶಾರ್ಕಾದರೆ ಕಡಿದು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಎರಡರಲ್ಲಿ ಒಂದು ಆಗುವ ತನಕ, ಕೇರಿಯ ಕಟ್ಟಳೆಯಂತೆ, ದೋಣಿ ನೀರಿಗಿಳಿಯುವಂತಿರಲಿಲ್ಲ.

ತೀರ್ಮಾನ ಹೇಳಲು ಗುರುಗಳು ಶಿಷ್ಯ ಜಟ್ಟಿಯನ್ನು ಕಳುಹಿಸಿದ್ದರು. ಅವನೂ ಮೀನುಗಾರರ ಮಗನೇ. ಎಲುಬು ನೋಡಿದ, ಹಲ್ಲು ಹುಡುಕಿದ, ಎರಡೂ ಕಡೆಯವರ ಮಾತು ಕೇಳಿದ. ವಾದ ಮುಗಿಯಲಿಲ್ಲ. ವಾದಕ್ಕೆ ಕೂತವರಿಗೆ ಹಸಿವಾಗುವುದಿಲ್ಲ, ಮನೆಯಲ್ಲಿರುವ ಮಕ್ಕಳಿಗೆ ಆಗುತ್ತದೆ.

ಕೊನೆಗೆ ಕೇರಿಯ ಹಿರಿಯ ಬಚ್ಚ ಖಾರ್ವಿ ಆಶ್ರಮಕ್ಕೇ ಬಂದ.

"ಸ್ವಾಮಿ, ಸುಮಾರ್ ಮನೇಲಿ ಒಲೆ ಉರೀಲಿಲ್ಲೆ. ಎಂತದಾರೂ ಒಂದ್ ಹೇಳಿ."

ಗುರುಗಳು ಶಿಷ್ಯನ ಕಡೆ ತಿರುಗಿದರು.

"ಯಾಕೆ ಹೂಳಿಸಲಿಲ್ಲ?"

"ಯಾವ ಪ್ರಾಣಿ ಎಂದು ಗೊತ್ತಾಗಲಿಲ್ಲ, ಗುರುಗಳೇ."

"ಗೊತ್ತಾಗದಿದ್ದರೆ?"

"ಗುರುತಿಲ್ಲದ ದೇಹಕ್ಕೆ ಸಂಸ್ಕಾರ ಹೇಗೆ ಮಾಡುವುದು?" ಜಟ್ಟಿಯ ದನಿ ಗಡುಸಾಯಿತು. "ನಮ್ಮಪ್ಪ ಕಡಲಿಗೆ ಹೋದವನು ಬರಲಿಲ್ಲ. ದೂರದ ಊರಿನ ದಡಕ್ಕೆ ಒಂದು ಹೆಣ ಬಂದಿದೆ ಎಂಬ ಸುದ್ದಿ ಬಂತು. ಮುಖ ಉಳಿದಿಲ್ಲ, ಯಾರೆಂದು ಹೇಳುವಂತಿಲ್ಲ ಎಂದರು. ನಾವು ಹೋಗಲಿಲ್ಲ. ಅಮ್ಮ ಇವತ್ತಿಗೂ ಕಾಯುತ್ತಾಳೆ."

ಗುರುಗಳು ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡು ದಡಕ್ಕಿಳಿದರು.

ಮೊದಲು ಹೆಗಲ ಮೇಲಿನ ಶಾಲು ತೆಗೆದು ಆ ದೇಹಕ್ಕೆ ಹೊದಿಸಿದರು. ಅದು ಎಲ್ಲಿಗೂ ಸಾಲಲಿಲ್ಲ. ಬಚ್ಚ ಖಾರ್ವಿ ತನ್ನ ಮುಂಡಾಸು ಬಿಚ್ಚಿ ಹಾಸಿದ. ಶಾರ್ಕು ಎಂದು ಹಟ ಹಿಡಿದಿದ್ದವನೊಬ್ಬ ಸ್ವಲ್ಪ ಹೊತ್ತು ನಿಂತು ನೋಡಿ, ತನ್ನ ಟವಲನ್ನೂ ಸೇರಿಸಿದ.

ಗುರುಗಳು ಮರಳು ತೋಡತೊಡಗಿದರು. ಒಬ್ಬೊಬ್ಬರಾಗಿ ಉಳಿದವರೂ ಕೈಹಚ್ಚಿದರು. ಜಟ್ಟಿ ಮಾತ್ರ ನಿಂತೇ ಇದ್ದ.

"ಆ ಹೆಣವನ್ನು ಅಲ್ಲಿ ಯಾರಾದರೂ ಹೂಳಿರುತ್ತಾರೆಯೇ, ಗುರುಗಳೇ?"

"ಹೂಳಿರುತ್ತಾರೆ."

"ಸರಿಯಾಗಿ ಹೂಳಿರುತ್ತಾರೆಯೇ?"

ಗುರುಗಳು ಗುದ್ದಲಿಯನ್ನು ಅವನ ಕೈಗಿತ್ತರು.

"ಅವರು ಎಷ್ಟು ಆಳ ತೋಡಿರಲಿ ಎಂದು ನಿನ್ನ ಆಸೆಯೋ, ಅಷ್ಟು ಆಳ ತೋಡು."