ತಳ್ಳಿದರೆ ಬಾಗುವ ಗರಗಸ

ಜಪಾನಿನ ಒಂದು ಬೆಟ್ಟದೂರಿನಲ್ಲಿ ಬಡಗಿ ಕುಮಗಾಯಿ ಅನ್ನ ತುಂಬಿಡುವ ಮರದ ಬಾನಿಗಳನ್ನು ಮಾಡುತ್ತಿದ್ದ. ಅವನ ಗೋಡೆಯ ಮೇಲೆ ಎಲೆಯಷ್ಟು ತೆಳುವಾದ ಗರಗಸವೊಂದು ತೂಗುತ್ತಿತ್ತು. ಹಡಗುಕಟ್ಟೆಯಲ್ಲಿ ದುಡಿದು ಬಂದ ಹೊಸ ಕೆಲಸಗಾರ ಗೊನ್ಜೊ ತನ್ನ ಪರದೇಶದ ದಪ್ಪ ಗರಗಸವನ್ನು ಅದರ ಪಕ್ಕಕ್ಕೆ ನೇತುಹಾಕಿದ.

"ನಾನು ಮುಂದಕ್ಕೆ ನುಗ್ಗಿ ಕೊಯ್ಯುತ್ತೇನೆ. ನೀನು ಹಿಂದೆ ಸರಿಯುವಾಗ ಮಾತ್ರ ಕೊಯ್ಯುತ್ತೀಯಂತೆ. ಹೇಡಿ!" ಎಂದಿತು ದಪ್ಪ ಗರಗಸ.

"ಈ ಬೆಟ್ಟದ ದೇವದಾರು ಮೆದು ಮರ, ಅದಕ್ಕೆ ನೂಕುಬಲ ಬೇಡ. ನಮ್ಮ ಬಡಗಿ ನೆಲದ ಮೇಲೆ ಕೂತು, ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು, ನನ್ನನ್ನು ತನ್ನತ್ತ ಎಳೆಯುತ್ತಾನೆ. ಆ ಮರಕ್ಕಾಗಿ, ಆ ಕೈಗಾಗಿ ಹುಟ್ಟಿದವನು ನಾನು. ನಿನಗಾಗಿ ಬದಲಾಗುವುದಿಲ್ಲ," ಎಂದಿತು ತೆಳು ಗರಗಸ.

ಅಷ್ಟರಲ್ಲಿ ಗೊನ್ಜೊ ಆ ತೆಳು ಗರಗಸವನ್ನೇ ತೆಗೆದು, ಹಲಗೆಯ ಮೇಲಿಟ್ಟು ತನ್ನ ರೂಢಿಯಂತೆ ಬಲವಾಗಿ ತಳ್ಳಿದ. ಅದು ಬಿಲ್ಲಿನಂತೆ ಬಾಗಿತು. ಹಲಗೆ ಕೊಯ್ಯಲಿಲ್ಲ.

"ಯಜಮಾನರೇ, ಈ ತಗಡನ್ನು ಗುಜರಿಗೆ ಹಾಕಿ!" ಎಂದು ಅವನು ಸಿಡುಕಿದ.

ಕುಮಗಾಯಿ ನೆಲದ ಮೇಲೆ ಕೂತು, ಅದೇ ಗರಗಸವನ್ನು ತನ್ನತ್ತ ಎಳೆದ. ನಾಲ್ಕೇ ಎಳೆತಕ್ಕೆ ಹಲಗೆ ಎರಡಾಯಿತು.

"ಅವನ ಕೈಯಲ್ಲೇಕೆ ಕೊಯ್ಯಲಿಲ್ಲ?" ಎಂದು ದಪ್ಪ ಗರಗಸ ಕೇಳಿತು.

"ತಳ್ಳುವವರ ಕೈಯಲ್ಲಿ ನಾನು ತಗಡೇ. ಹತ್ತಿರಕ್ಕೆ ಎಳೆದುಕೊಳ್ಳುವವರ ಕೈಯಲ್ಲಿ ಗರಗಸ."