ಕರಿಬಟ್ಟೆ ಚೌಡಮ್ಮನ ಮಗ ಹಿಡಿದ ಮಡ್‌ಗಾರ್ಡು

ಹೂಂಗುಟ್ಟೋರು ಹತ್ತಿರ ಬನ್ನಿ, ಆಕಳಿಸೋರು ಆಚೆ ಹೋಗಿ. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸೋಳಲ್ಲ ನಾನು.

ಒಂದು ನೇಕಾರರ ಊರು. ಆ ಊರಲ್ಲಿ ಚೌಡಮ್ಮ ಅಂತ ಒಬ್ಬಳು. ಗಂಡ ಇರೋವರೆಗೂ ಮನೇಲಿ ಮಗ್ಗ ನಡೀತು, ಗಂಡ ಹೋದ, ಮಗ್ಗವೂ ನಿಂತಿತು. ಆಮೇಲೆ ನಾಲ್ಕು ವರ್ಷ ಒಂದು ಕಾರ್ಖಾನೆಗೆ ಹೋಗಿ ಕಾರ್ಬನ್ ಫೈಬರ್ ಬಟ್ಟೆ ಕತ್ತರಿಸಿದಳು. ಇದ್ದಿಲಿನ ಹಾಗೆ ಕಪ್ಪಗಿರೋ ಬಟ್ಟೆ ಅದು. ಅಚ್ಚಿನ ಮೇಲೆ ಹಾಸಿ, ರೆಸಿನ್ ಅನ್ನೋ ಅಂಟು ಹಚ್ಚಿ, ಗಟ್ಟಿಯಾದ ಮೇಲೆ ಬಿಡಿಸಿದ್ರೆ ಕಬ್ಬಿಣದಷ್ಟು ಗಟ್ಟಿ, ಹಪ್ಪಳದಷ್ಟು ಹಗುರ! ಕೈಗೆ ಕೆಲಸ ಹತ್ತಿತು, ಕಾರ್ಖಾನೆ ಬಿಟ್ಟಳು, ಮಗ್ಗದ ಕೋಣೇಲೇ ತಾನೇ ಶುರು ಹಚ್ಚಿಕೊಂಡಳು. ಬೈಕಿಗೆ ಮಡ್‌ಗಾರ್ಡು, ಟ್ಯಾಂಕಿಗೆ ಕವರು, ಆಟೋಗೆ ಮೂತಿ, ಯಾರ ಗಾಡಿಗೆ ಏನು ಬೇಕೋ ಅದು, ಅವರವರ ಅಳತೆಗೆ. ಊರೆಲ್ಲ ಕರಿಬಟ್ಟೆ ಚೌಡಮ್ಮ ಅಂತು.

ಕೂತಲ್ಲಿ ಕೂರೋ ಹೆಂಗಸಲ್ಲ. ಕತ್ತರಿ ಇಟ್ಟಳೋ ಬ್ರಷ್ ಹಿಡಿದಳು, ಬ್ರಷ್ ಇಟ್ಟಳೋ ಪೊರಕೆ ಹಿಡಿದಳು. ಕಾಫಿ ಕುಡಿಯೋದೂ ನಿಂತುಕೊಂಡೇ. ಇಂಥವಳಿಗೆ ಒಬ್ಬನೇ ಮಗ, ದೇವಲಿಂಗ. ವಯಸ್ಸು ಇಪ್ಪತ್ತೆಂಟು, ಆಳು ಬಾಗಿಲ ತುಂಬ. ಬುದ್ಧಿ? ಹೇಳಿದ್ದನ್ನ ಬಿಡೋನಲ್ಲ, ಹೇಳದ್ದನ್ನ ಮಾಡೋನಲ್ಲ. ಅಷ್ಟೇ ಅವನ ಬುದ್ಧಿ.

ಹೀಗಿರೋವಾಗ ಚೌಡಮ್ಮನಿಗೆ ಕೆಮ್ಮು ಹತ್ತಿತು. ಡಾಕ್ಟ್ರು ಎದೆಗೆ ಕೊಳವೆ ಇಟ್ಟು ನೋಡಿ, "ಈ ದೂಳು ಇನ್ನು ನಿಮಗೆ ಆಗಲ್ಲಮ್ಮ. ದೀಪಾವಳಿಯೊಳಗೆ ಬಿಟ್ಟುಬಿಡಿ," ಅಂದ್ರು. ಬಿಟ್ಟರೆ ಮಾಡೋರು ಯಾರು? ತಾನು ಕಣ್ಣು ಮುಚ್ಚಿದ ಮೇಲೆ ಈ ಮಗನಿಗೆ ಅನ್ನ ಹಾಕೋದು ಯಾವುದು? ಅವಳಿಗೆ ಕೂತರೂ ಅದೇ, ನಿಂತರೂ ಅದೇ. "ನೋಡೋ," ಅಂದಳು, "ದೀಪಾವಳಿಯೊಳಗೆ ಒಂದೇ ಒಂದು ಸಾಮಾನನ್ನ ನಿನ್ನ ಕೈಯಾರೆ ಸರಿಯಾಗಿ ಮಾಡಿಕೊಡು. ಇಲ್ಲಾಂದ್ರೆ ಅಚ್ಚುಗಳನ್ನೆಲ್ಲ ಗುಜರಿಯವನಿಗೆ ಹಾಕ್ತೀನಿ!"

"ಹೂಂ ಅಮ್ಮ, ಹಾಗೇ ಮಾಡ್ತೀನಿ," ಅಂದ ದೇವಲಿಂಗ.

ಮೊದಲನೇ ಸಾಮಾನು, ಫೋಟೋ ಸ್ಟುಡಿಯೋ ರಾಜಶೇಖರನ ಬೈಕಿನ ಮಡ್‌ಗಾರ್ಡು. "ಅಚ್ಚಿನ ಮೇಲೆ ಬಟ್ಟೆ ಹಾಸು, ಅಂಟು ಹಚ್ಚು," ಅಂದಳು ಅಮ್ಮ. ಹಾಸಿದ, ಹಚ್ಚಿದ. ಮಾರನೇ ದಿನ ಬಿಡಿಸೋಕೆ ಹೋದ್ರೆ ಬರಲೊಲ್ಲದು! ಅಮ್ಮ ಎಳೆದಳು, ಮಗ ಎಳೆದ, ಉಳಿ ಹಾಕಿ ಮೀಟಿದ್ರು. ಫಟ್! ಅಚ್ಚೇ ಎರಡು ಹೋಳು.

"ಮೇಣ ಹಚ್ಚಿದ್ಯೇನೋ?"

"ನೀನು ಹೇಳ್ಲಿಲ್ಲವಲ್ಲಮ್ಮ!"

"ಅಯ್ಯೋ ನನ್ನ ಕರ್ಮವೇ! ಮೇಣ ಇಲ್ಲದೆ ಬಿಟ್ಟುಬರುತ್ತೇನೋ ಅದು? ಯಾವುದರ ಮೇಲೆ ಯಾವುದನ್ನ ಕೂರಿಸಬೇಕಾದ್ರೂ ಮೊದಲು ಮೂರು ಸಲ ಮೇಣ ತಿಕ್ಕಬೇಕು! ಆಗ ಅಂಟಲ್ಲ, ತಾನೇ ಜಾರಿ ಬರುತ್ತೆ!"

"ಹೂಂ ಅಮ್ಮ, ಮುಂದಿನ ಸಲ ಹಾಗೇ ಮಾಡ್ತೀನಿ!"

ಎರಡು ದಿನ ಕಳೀತು. ಆಟೋ ಹನುಮಂತರಾಯಪ್ಪ ಬಂದ. ನೂರು ಕಿಲೋ ಆಸಾಮಿ, ಗರಿಗರಿ ಪಂಚೆ. ಅಮ್ಮ ಒಳಗಿಂದಲೇ, "ಲೋ, ದೊಡ್ಡೋರು ಬಂದಿದಾರೆ, ಬೆಂಚಿನ ಮೇಲೆ ಕೂರಿಸೋ, ಕಾಫಿ ತರ್ತೀನಿ," ಅಂದಳು. ಕೂರಿಸಬೇಕು ಅಂದ ಮೇಲೆ ಮೇಣ ತಾನೆ? "ನಿಲ್ಲಿ ಅಣ್ಣ, ಒಂದ್ನಿಮಿಷ!" ಅಂತ ದೇವಲಿಂಗ ಬೆಂಚಿಗೆ ಒಂದು ಸಲ ತಿಕ್ಕಿದ, ಎರಡು ಸಲ ತಿಕ್ಕಿದ, ಮೂರು ಸಲ ತಿಕ್ಕಿದ. ಹನುಮಂತರಾಯಪ್ಪನಿಗೆ ಹಿಗ್ಗೋ ಹಿಗ್ಗು, ನನಗೋಸ್ಕರ ಎಷ್ಟು ಒರೆಸ್ತಾನೆ ಹುಡುಗ ಅಂತ. ಕಾಫಿ ಲೋಟ ಇಸ್ಕೊಂಡ, ಕೂತ. ಜರ್ರ್ ಅಂತ ಆ ತುದಿಯಿಂದ ಈ ತುದಿಗೆ ಹೋದವನು ದೊಪ್ಪಂತ ಅಂಗಳಕ್ಕೆ ಬಿದ್ದ! ಕಾಫಿ ಪಂಚೆ ಮೇಲೆ, ಲೋಟ ಚರಂಡೀಲಿ.

"ಏನಮ್ಮಾ ಇದು! ಮಗನನ್ನ ಸಾಕಿದೀರೋ, ಇಲ್ಲಾ ಇನ್ನೇನಾದ್ರೂನೋ?"

ನಗಬೇಡಿ, ಆ ತಾಯಿಗೆ ಆಗ ನೆಲ ಬಾಯಿಬಿಡಬಾರದಾ ಅನ್ನಿಸಿತ್ತು. ಅವನನ್ನ ಎಬ್ಬಿಸಿ, ಕೈಮುಗಿದು ಕಳಿಸಿ, ಮಗನ ಕಡೆ ತಿರುಗಿದಳು.

"ಜನ ಕೂರೋ ಕಡೆ, ಜನ ಮುಟ್ಟೋ ಕಡೆ ಜಾರಬಾರದು ಕಣೋ ಮಂಕೇ! ಉಪ್ಪುಕಾಗದ ತಗೊಂಡು ಉಜ್ಜಿ ಉಜ್ಜಿ ತರಿತರಿ ಮಾಡಬೇಕು!"

"ಹೂಂ ಅಮ್ಮ, ಮುಂದಿನ ಸಲ ಹಾಗೇ ಮಾಡ್ತೀನಿ!"

ಮಾಡಿದ. ರಾಜಶೇಖರನ ಬೈಕಿಗೆ ಟ್ಯಾಂಕಿನ ಕವರು ಆಗಬೇಕಿತ್ತು. ಮಡ್‌ಗಾರ್ಡು ಕೆಟ್ಟಿದ್ದಕ್ಕೆ ಮುಖ ಉಳಿಸಿಕೊಳ್ಳೋಕೆ ಅದನ್ನ ಅಮ್ಮನೇ ಕೆಮ್ಮಿಕೊಂಡು ಕೆಮ್ಮಿಕೊಂಡು ಮೂರು ದಿನ ಮಾಡಿದ್ದಳು. ಮುಖ ನೋಡಿ ಕುಂಕುಮ ಇಟ್ಟುಕೊಳ್ಳಬಹುದು, ಅಷ್ಟು ಹೊಳಪು. ಇವಳು ತರಕಾರಿ ತರೋಕೆ ಹೋದಳು. ರಾಜಶೇಖರ ಬಂದ, "ಆಹಾ!" ಅಂತ ಅದರ ಮೇಲೆ ಕೈ ಆಡಿಸಿದ. ಜನ ಮುಟ್ಟಿದ್ರಲ್ಲ! ದೇವಲಿಂಗ ಉಪ್ಪುಕಾಗದ ತಂದವನೇ, ಗಸಗಸ ಗಸಗಸ! ರಾಜಶೇಖರ, "ಬೇಡ ಕಣೋ, ಬೇಡ ಕಣೋ," ಅಂತ ಬಡ್ಕೊಂಡ. ಕೇಳಬೇಕಲ್ಲ! ಅಮ್ಮ ಸೊಪ್ಪು ಹಿಡಿದು ಬರೋ ಹೊತ್ತಿಗೆ ಹೊಳಪೆಲ್ಲ ಹೋಗಿ, ರಾಗಿ ಬೀಸೋ ಕಲ್ಲಿನ ಹಾಗೆ ತರಿತರಿ.

ಸೊಪ್ಪು ಅಲ್ಲೇ ಬಿಸಾಡಿದಳು. "ಪಾಪಿ! ಗಿರಾಕಿ ಸಾಮಾನು ಕಣೋ ಅದು! ಕೊಟ್ಟಾಗ ಹೇಗಿತ್ತೋ ಹಾಗೇ ಇರಬೇಕು! ಕೂದಲೆಳೆ ಹೆಚ್ಚಾಗಬಾರದು, ಕೂದಲೆಳೆ ಕಡಿಮೆ ಆಗಬಾರದು!"

"ಹೂಂ ಅಮ್ಮ, ಮುಂದಿನ ಸಲ ಹಾಗೇ ಮಾಡ್ತೀನಿ!"

ಆಮೇಲೆ ಹನುಮಂತರಾಯಪ್ಪ ಮನಸ್ಸು ಕರಗಿ ಮತ್ತೆ ಬಂದ. ಬಂದ, ಕೂರಲಿಲ್ಲ. ನಿಂತುಕೊಂಡೇ ಆಟೋದ ಮುಂದಿನ ಮಡ್‌ಗಾರ್ಡು ಕೊಟ್ಟ. ಲಾರಿಗೆ ತಾಗಿ ಒಂದು ಕಡೆ ನೆಗ್ಗಿತ್ತು, ಒಂದು ಕಡೆ ಸೀಳಿತ್ತು. "ಇದರ ಅಚ್ಚು ತೆಗೆದು ಹೊಸದು ಮಾಡಿಕೊಡಪ್ಪ," ಅಂದ. ಮಗ ನಾಲ್ಕು ದಿನ ಕೋಣೆ ಬಾಗಿಲು ಹಾಕ್ಕೊಂಡು ಕೆಲಸ ಮಾಡಿದ. ಮೇಣ ಹಚ್ಚಿದಾನೆ, ಬಟ್ಟೆ ಹಾಸಿದಾನೆ, ಅಂಟು ಕುಡಿಸಿದಾನೆ. ಚೌಡಮ್ಮ ಬಾಗಿಲಿಗೆ ಕಿವಿ ಇಟ್ಟಳು, ಕಿಂಡೀಲಿ ಇಣುಕಿದಳು, ಮನೆದೇವರಿಗೆ ತೆಂಗಿನಕಾಯಿ ಹರಸಿಕೊಂಡಳು. ಐದನೇ ದಿನ ಹೊರಗೆ ತಂದ. ನೆಗ್ಗಿದ ಕಡೆ ನೆಗ್ಗಿಸಿದಾನೆ! ಸೀಳಿದ ಕಡೆ ಗರಗಸದಲ್ಲಿ ಸೀಳಿದಾನೆ! ಹಳೇದಕ್ಕೆ ದೃಷ್ಟಿಗೆ ಅಂತ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ರು, ಅದನ್ನೂ ಕರಿಬಟ್ಟೇಲೇ ಮಾಡಿ ನೇತುಹಾಕಿದಾನೆ!

"ಕೂದಲೆಳೆ ಹೆಚ್ಚಿಲ್ಲಮ್ಮ, ಕೂದಲೆಳೆ ಕಡಿಮೆ ಇಲ್ಲ. ಸೀಳು ಎರಡೂವರೆ ಇಂಚು, ಅಳೆದು ನೋಡು!"

ಚೌಡಮ್ಮ ಹಣೆ ಹಣೆ ಚಚ್ಚಿಕೊಂಡಳು. "ಸೀಳಿದ್ದು ಕಂಡ್ರೆ ಮುಚ್ಚಬೇಕು ಕಣೋ! ಎಲ್ಲಿ ಸೀಳು ಕಂಡ್ರೂ ಮೂರು ಪದರ ಬಟ್ಟೆ ಹಾಕಿ ಮುಚ್ಚು! ಯಾರು ಎಷ್ಟು ಎಳೆದ್ರೂ ಬರಬಾರದು, ಹಾಗೆ ಮುಚ್ಚು!"

"ಹೂಂ ಅಮ್ಮ, ಮುಂದಿನ ಸಲ ಹಾಗೇ ಮಾಡ್ತೀನಿ!"

ದೀಪಾವಳಿಗೆ ಇನ್ನು ಒಂಬತ್ತೇ ದಿನ. ಗುಜರಿಯವನು ಬಾಗಿಲಿಗೆ ಬಂದು ಅಚ್ಚುಗಳ ತೂಕ ಕೇಳಿಕೊಂಡು ಹೋದ. ಚೌಡಮ್ಮನಿಗೆ ಅನ್ನ ಸೇರದು. ಹಿತ್ತಲಿಂದ ಬೀದಿಗೆ, ಬೀದಿಯಿಂದ ಹಿತ್ತಲಿಗೆ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದಳು. ಅಷ್ಟರಲ್ಲಿ ಬಾಗಿಲಲ್ಲಿ ಹಾರ್ನು, ಪೇಂ ಪೇಂ ಪೇಂ!

ಯಾರು? ಟಪಾಲು ಕನಕಮ್ಮ. ಊರಿಗೆಲ್ಲ ಕಾಗದ ಹಂಚೋಳು. ಚಿಕ್ಕಂದಿನಿಂದ ಒಂದು ಕಾಲು ಸೋತಿತ್ತು, ಅದಕ್ಕೇ ಪಕ್ಕಕ್ಕೆ ಎರಡು ಗಾಲಿ ಹಾಕಿಸಿದ ಸ್ಕೂಟರು. ಚೌಡಮ್ಮ ಕೂತಲ್ಲಿ ಕೂರೋಳಲ್ಲ ಅಂದ್ನಲ್ಲ, ಈ ಕನಕಮ್ಮ ನಿಂತಲ್ಲಿ ನಿಲ್ಲೋಳಲ್ಲ.

"ಚೌಡಕ್ಕ! ಮೂಲೆ ಮನೆ ಹತ್ತಿರ ಕೆಂಪು ಅಂಚೆ ಡಬ್ಬಿ ಇದೆಯಲ್ಲ, ಅದರ ಬಾಯಿ ಯಾರು ಮುಚ್ಚಿದ್ದು?"

ಚೌಡಮ್ಮ ಮಗನನ್ನ ನೋಡಿದಳು.

"ಸೀಳಿತ್ತಮ್ಮ," ಅಂದ ದೇವಲಿಂಗ. "ಮೂರು ಪದರ ಹಾಕಿದೀನಿ."

"ಅಯ್ಯೋ! ಕಾಗದ ಹಾಕೋ ಬಾಯಿ ಕಣೋ ಅದು!" ಚೌಡಮ್ಮ ಕನಕಮ್ಮನ ಕೈ ಹಿಡ್ಕೊಂಡು ಅತ್ತೇಬಿಟ್ಟಳು. "ತಪ್ಪಾಯ್ತು ಕನಕ, ಕಂಪ್ಲೇಂಟ್ ಕೊಡಬೇಡ, ನಾನೇ ಬಿಡಿಸ್ತೀನಿ..."

"ಬಿಡಿಸ್ತೀಯಾ? ಮೂರು ಜನ ಗಂಡಸರು ಬೆಳಗಿಂದ ಎಳೀತಿದಾರೆ, ಒಂದು ಎಳೆ ಬಂದಿಲ್ಲ! ಡಬ್ಬಿನೇ ಬೇರೆ ತರಿಸಬೇಕು. ಅದು ಹಾಳಾಗ್ಲಿ. ನೋಡು, ನನ್ನ ಪಕ್ಕದ ಗಾಲಿ ಮಡ್‌ಗಾರ್ಡು. ಕಬ್ಬಿಣದ್ದು, ತುಕ್ಕು ಹಿಡಿದು ನೆಗ್ಗಿದೆ, ಕೆಸರೆಲ್ಲ ಕಾಗದದ ಚೀಲಕ್ಕೆ. ಗಡಗಡ ಅಂತ ಸದ್ದು ಬೇರೆ, ಹತ್ತು ವರ್ಷದಿಂದ ತಲೆ ಕೆಟ್ಟುಹೋಗಿದೆ. ಅಂಚೆ ಡಬ್ಬಿ ಮುಚ್ಚಿದ ಕೈ ಇದೆಯಲ್ಲ, ಅದೇ ಕೈ ನನಗೆ ಹೊಸದು ಮಾಡಿಕೊಡಲಿ. ನೀನು ಮಾಡಕೂಡದು, ಅವನೇ ಮಾಡಬೇಕು. ಸೋಮವಾರ!" ಹಳೇದನ್ನ ಬಿಚ್ಚಿಸಿ ಕೊಟ್ಟಳು, ಪೇಂ ಅಂದಳು, ಹೋದಳು.

ಚೌಡಮ್ಮನಿಗೆ ನಂಬೋಕೇ ಆಗಲಿಲ್ಲ. ಇದೇ ಕೊನೇ ಸಾಮಾನು ಅಂತ ಗೊತ್ತು. ಈ ಸಲ ಒಂದು ಮಾತೂ ತಪ್ಪಿಸಲಿಲ್ಲ. ಮೂಗಿಗೆ ಸೆರಗು ಕಟ್ಟಿಕೊಂಡು ಹೊಸ್ತಿಲಾಚೆ ನಿಂತಳು. "ನೆಗ್ಗಿದ್ದು ಸರಿಮಾಡು. ಅಚ್ಚು ತೆಗಿ. ಅಚ್ಚಿಗೆ ಮೇಣ ಹಚ್ಚು, ಬೆಂಚಿಗಲ್ಲ! ಬಟ್ಟೆ ಹಾಸು. ಅಂಟು ಹಚ್ಚು. ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚು, ಪಂಪು ಹಾಕು, ಒಳಗಿನ ಗಾಳಿ ಎಳಿ. ಇನ್ನು ಮುಟ್ಟಬೇಡ!" ಮುಟ್ಟಲಿಲ್ಲ. ಭಾನುವಾರ ಬಿಡಿಸಿದ. ಸರಕ್ಕನೆ ಬಂತು! ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ. ಚೌಡಮ್ಮ ಅದನ್ನ ಎದೆಗೆ ಅವುಚಿಕೊಂಡಳು, ಮತ್ತೆ ಭಯವಾಗಿ ಕೆಳಗಿಟ್ಟಳು. ಗಾಡಿಗೆ ಕೂರಿಸೋದು ಇನ್ನೂ ಬಾಕಿ ಇತ್ತಲ್ಲ!

ಸೋಮವಾರ ಕನಕಮ್ಮ ಬಂದಳು, ಇಳಿಯಲಿಲ್ಲ. "ಬೇಗ ಬೇಗ, ಏಳು ಬೀದಿ ಟಪಾಲಿದೆ!"

"ಬಿರುಸು ಅಂಟು ಇದು," ಅಂದಳು ಅಮ್ಮ. "ಕೈಗೆ ಮೆತ್ತಿದ್ರೆ ಸಾಮಾನಿನ ಜೊತೆ ಕೈಯೂ ಅಂಟ್ಕೊಳುತ್ತೆ, ಹುಷಾರು!"

"ಒಂದ್ನಿಮಿಷ ಅಮ್ಮ," ಅಂತ ಮಗ ಒಳಗೆ ಓಡಿದ. ಅಂಗೈ ಅಂಗೈ ಉಜ್ಜಿಕೊಂಡು ಬಂದ. ಅಂಟು ಹಚ್ಚಿದ, ಕೂರಿಸಿದ.

"ಒತ್ತಿ ಹಿಡ್ಕೊ! ಗಟ್ಟಿಯಾಗೋಕೆ ಅರ್ಧ ಗಂಟೆ ಬೇಕು. ಯಾರು ಏನಂದ್ರೂ ಬಿಡಬೇಡ. ನಾನು ಬಾಯಿ ಬಿಟ್ಟು 'ಬಿಡು' ಅಂದ್ರೆ ಮಾತ್ರ ಬಿಡು!" ಅಂದವಳೇ ಕೆಮ್ಮು ಬಂದು ನೀರು ಕುಡಿಯೋಕೆ ಒಳಗೆ ಹೋದಳು.

ಅರ್ಧ ಗಂಟೆ ಆಯ್ತು. ಕೆಮ್ಮು ನಿಲ್ಲಲಿಲ್ಲ, ಅಮ್ಮ ಬರಲಿಲ್ಲ.

"ಗಟ್ಟಿಯಾಯ್ತಲ್ಲೋ, ಬಿಡೋ!" ಅಂದಳು ಕನಕಮ್ಮ.

"ಅಮ್ಮ ಹೇಳ್ಬೇಕಕ್ಕ."

"ಅಂಟಿಕೊಂಡುಬಿಟ್ಯೇನೋ?"

"ಅಮ್ಮ ಹೇಳ್ಬೇಕಕ್ಕ."

"ನನ್ನ ಟಪಾಲು ನಿಮ್ಮಮ್ಮನಿಗೆ ಕಾಯಲ್ಲ! ಹಾಗಾದ್ರೆ ಓಡು!" ಅಂತ ಕನಕಮ್ಮ ಗಾಡಿ ಎತ್ತಿದಳು. ಸ್ಕೂಟರು ಮೆಲ್ಲಗೆ ಹೊರಟಿತು, ಮಡ್‌ಗಾರ್ಡು ಹೊರಟಿತು, ಮಡ್‌ಗಾರ್ಡು ಹಿಡ್ಕೊಂಡು ಸೊಂಟ ಬಗ್ಗಿಸಿ ದೇವಲಿಂಗನೂ ಹೊರಟ.

ಸದ್ದು ಕೇಳಿ ಚೌಡಮ್ಮ ಹೊರಗೆ ಹಾರಿ ಬಂದಳು. ನೋಡಿದಳು. ಕೈ ಅಂಟಿದೆ ಮಗನಿಗೆ! ಹಿಂದೆ ಓಡಿದಳು. "ಬಿ... ಬಿ..." ಕೆಮ್ಮು! ಒಂದೇ ಒಂದು ಮಾತು, ಬಾಯಿಂದ ಹೊರಡಲೊಲ್ಲದು. ಕೈ ಬೀಸಿದಳು. ಮಗನೂ ಇನ್ನೊಂದು ಕೈ ಬೀಸಿದ, "ಬರ್ತೀನಮ್ಮ!" ಅಂದ. ಮೂಲೇಲಿ ತಿರುಗಿದ, ಮರೆಯಾದ.

ಆ ತಾಯಿ ಆವತ್ತು ಪಟ್ಟ ಪಾಡು ಶತ್ರುವಿಗೂ ಬೇಡ. ಜಗಲಿಗೆ ಬಂದಳು, ಒಳಗೆ ಹೋದಳು, ಮತ್ತೆ ಜಗಲಿಗೆ ಬಂದಳು. ಎಣ್ಣೆ ಕಾಯಿಸಿದಳು, ಬಿಸಿನೀರು ಇಟ್ಟಳು, ಬಟ್ಟೆ ಹರಿದು ಪಟ್ಟಿ ಮಾಡಿದಳು. ಚರ್ಮ ಕಿತ್ತು ಬರುತ್ತೋ, ಬೆರಳೇ ಹೋಗುತ್ತೋ! ಹಾಳಾದ ಕಸುಬು ಯಾಕಾದ್ರೂ ಹೇಳಿಕೊಟ್ಟೆನೋ ಅಂತ ಅತ್ತಳು.

ನಾಲ್ಕು ಗಂಟೆಗೆ ಪೇಂ ಪೇಂ! ಏಳು ಬೀದಿ ಸುತ್ತಿ ಬಂದಿದ್ರು. ಮಗ ಬೆವರಲ್ಲಿ ನೆಂದುಹೋಗಿದ್ದ, ಕೈ ಮಡ್‌ಗಾರ್ಡಿನ ಮೇಲೇ ಇತ್ತು.

"ಚೌಡಕ್ಕ!" ಅಂದಳು ಕನಕಮ್ಮ. "ಗಡಗಡ ಇಲ್ಲ, ಕೆಸರಿಲ್ಲ. ಹತ್ತು ವರ್ಷಕ್ಕೆ ಮೊದಲ ಸಲ ನನ್ನ ಗಾಡಿ ಸದ್ದು ನನಗೆ ಕೇಳಿಸಲಿಲ್ಲ. ನಿನ್ನ ಮಗ ಕಸುಬುದಾರ ಕಣೇ!"

ಚೌಡಮ್ಮ ಕಿವಿಗೆ ಹಾಕ್ಕೊಳ್ಳಲಿಲ್ಲ. ಎಣ್ಣೆ ಬಟ್ಟಲು ಹಿಡಿದು, ಕಣ್ಣು ಮುಚ್ಚಿಕೊಂಡು, "ಬಿಡೋ ಮಗನೇ, ಮೆಲ್ಲಗೆ ಬಿಡು," ಅಂದಳು.

ಬಿಟ್ಟ. ಕೈ ಸರಕ್ಕನೆ ಬಂತು. ಒಂದು ಗೀರಿಲ್ಲ.

"ಅಂಟಿರ್ಲಿಲ್ವೇನೋ!"

"ಹೇಗೆ ಅಂಟುತ್ತಮ್ಮ? ಕೈಗೆ ಮೂರು ಸಲ ಮೇಣ ತಿಕ್ಕಿದ್ನಲ್ಲ. ನೀನೇ ಹೇಳಿದ್ದು."

"ಮತ್ತೆ ಏಳು ಬೀದಿ ಯಾಕೋ ಓಡಿದೆ?"

"ನೀನು 'ಬಿಡು' ಅಂದಿರ್ಲಿಲ್ವಲ್ಲಮ್ಮ!"

ಚೌಡಮ್ಮ ಎಣ್ಣೆ ಬಟ್ಟಲು ಕೆಳಗಿಟ್ಟು ಆ ಕೈಯನ್ನ ತಿರುಗಿಸಿ ತಿರುಗಿಸಿ ನೋಡಿದಳು. ಸಾಮಾನು ಸರಿಯಾಗಿದೆ, ಕೈಯೂ ಸರಿಯಾಗಿದೆ. ಗುಜರಿಯವನು ಇನ್ನು ಬರಬೇಕಾಗಿಲ್ಲ! ಅಷ್ಟು ವರ್ಷಕ್ಕೆ ಮೊದಲ ಸಲ ಅವಳು ಜಗಲಿ ಮೇಲೆ ಕೂತಳು. ಕೂತೇ ಕಾಫಿ ಕುಡಿದಳು.

"ಹೇಳಮ್ಮ," ಅಂದ ಮಗ, "ಮುಂದಿನ ಸಲ ಹೇಗೆ ಮಾಡ್ಲಿ?"

ಬುದ್ಧಿ ಹೇಳೋಕೆ ಬಾಯಿ ತೆರೆದಳು. ತಾನು ಹೇಳಿದ ಬುದ್ಧಿಗಳೆಲ್ಲ ಒಂದೊಂದಾಗಿ ನೆನಪಾದವು. ಬೆಂಚು, ಟ್ಯಾಂಕು, ನಿಂಬೆಹಣ್ಣು, ಅಂಚೆ ಡಬ್ಬಿ. ಬಾಯಿ ಮುಚ್ಚಿಕೊಂಡಳು. ಬಹಳ ಹೊತ್ತು ಯೋಚನೆ ಮಾಡಿ, ಇದರಲ್ಲಿ ಮಾತ್ರ ಏನೂ ಎಡವಟ್ಟಾಗಲ್ಲ ಅಂತ ಧೈರ್ಯ ತಂದುಕೊಂಡು ಅಂದಳು:

"ನಾಳೆ ಹನುಮಂತರಾಯಪ್ಪನ ಆಟೋ ಕೆಲಸ ಇದೆ. ಏನೂ ಬೇಡ ಕಂದ, ಇವತ್ತು ಹೇಗೆ ಮಾಡಿದ್ಯೋ ನಾಳೆಯೂ ಹಾಗೇ ಮಾಡು."

"ಹೂಂ ಅಮ್ಮ, ಹಾಗೇ ಮಾಡ್ತೀನಿ!"

ಬೆಳಗಾಯ್ತು. ಹನುಮಂತರಾಯಪ್ಪ ಆಟೋ ತಂದು ನಿಲ್ಲಿಸಿಕೊಂಡು ಕಾಯ್ತಾ ಇದ್ದ. ಬೀದೀಲಿ ಪೇಂ ಪೇಂ ಅಂತ ಕನಕಮ್ಮನ ಸ್ಕೂಟರು ಬಂತು. ಒಳಗಿಂದ ದೇವಲಿಂಗ ಅಂಗೈ ಅಂಗೈ ಉಜ್ಜಿಕೊಂಡು ಓಡಿಬಂದ. ಆಟೋ ಕಡೆ ತಿರುಗಿಯೂ ನೋಡಲಿಲ್ಲ. ಮಡ್‌ಗಾರ್ಡು ಒತ್ತಿ ಹಿಡ್ಕೊಂಡ, ಸೊಂಟ ಬಗ್ಗಿಸಿದ, "ನಡೀರಿ ಅಕ್ಕ!" ಅಂದ.

ಚೌಡಮ್ಮ ಬಾಗಿಲಿಗೆ ಓಡಿ ಬಂದಳು. "ಬಿ... ಬಿ..." ಈ ಸಲ ಕೆಮ್ಮಲ್ಲ, ನಗು. ಹೊಟ್ಟೆ ಹಿಡ್ಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ಆ ಒಂದು ಮಾತು ಆವತ್ತೂ ಹೊರಡಲಿಲ್ಲ. ಮಗ ಕೈ ಬೀಸಿದ, ಮೂಲೇಲಿ ತಿರುಗಿದ.

ಇವತ್ತಿಗೂ ಆ ಊರಲ್ಲಿ ಬೆಳಗ್ಗೆ ಏಳು ಬೀದಿ ಓಟ, ಸಂಜೆ ಕರಿಬಟ್ಟೆ ಕೆಲಸ. ಸುಳ್ಳು ಅನ್ನಿಸಿದ್ರೆ ಆ ಊರಿಗೆ ಒಂದು ಕಾಗದ ಬರೀರಿ. ತಲುಪಿಸೋಕೆ ಇಬ್ಬರು ಬರ್ತಾರೆ, ಒಬ್ಬಳು ಗಾಡಿ ಮೇಲೆ, ಒಬ್ಬ ಗಾಡಿ ಹಿಡ್ಕೊಂಡು.