ಎಡಗೋಲಿನ ಜಾಗ

"ಗುರುಗಳೇ, ಟೀಮ್ ಎನ್ನುವ ಇಂಗ್ಲಿಷ್ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚನ್ನವೀರ. ಮಠದ ಶಾಲೆಯಲ್ಲಿ ಮೇಷ್ಟ್ರು. ಅವನೂ ಶಾಂತಯ್ಯ ಎಂಬ ಇನ್ನೊಬ್ಬ ಮೇಷ್ಟ್ರೂ ಸೇರಿ ಆ ಶಾಲೆಯನ್ನು ಬಹಳ ಕಾಲ ನಡೆಸಿದ್ದರು. ಬೇಸಿಗೆಯಲ್ಲಿ ಶಾಂತಯ್ಯ ತೀರಿಕೊಂಡರು. ಅವರ ಜಾಗಕ್ಕೆ ಮಠ ಹೊಸಬರೊಬ್ಬರನ್ನು ಕಳಿಸಿತ್ತು. ಚನ್ನವೀರ ಶಾಂತಯ್ಯನವರ ಕುರ್ಚಿಯನ್ನು ಖಾಲಿ ಇಟ್ಟು, ಹೊಸಬರನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿದ್ದ. ಅವರಿಗೆ ಒಂದು ತರಗತಿಯನ್ನೂ ಬಿಟ್ಟುಕೊಟ್ಟಿರಲಿಲ್ಲ. ಎಲ್ಲ ಪಾಠವನ್ನೂ ತಾನೇ ಮಾಡುತ್ತಿದ್ದ. ದಿನವೂ ಅರ್ಧ ಮಕ್ಕಳು ಪಾಠವಿಲ್ಲದೆ ಕೂತಿರುತ್ತಿದ್ದರು. ಗುರುಗಳಿಗೆ ಇದು ತಿಳಿದಿತ್ತು.

"ಮಕ್ಕಳಿಗೆ ಏನು ಅರ್ಥ ಹೇಳಿದೆ?" ಎಂದರು.

"ಒಂದೇ ಕೆಲಸಕ್ಕೆ ಕೂಡಿದವರು ಎಂದೆ. ಬಸ್ಸಿಗೆ ಕಾಯುವವರು ಟೀಮ್ ಅಲ್ಲ, ಕಬಡ್ಡಿ ಆಡುವವರು ಟೀಮ್ ಎಂದೆ. ಹೇಳಿದ ಮೇಲೆ ನನಗೇ ಅನುಮಾನ ಬಂತು. ನಾನೂ ಶಾಂತಯ್ಯನವರೂ ಟೀಮ್ ಆಗಿದ್ದೆವು. ಈಗಲೂ ಶಾಲೆಯಲ್ಲಿ ಇಬ್ಬರಿದ್ದೇವೆ, ಕೆಲಸವೂ ಅದೇ. ಆದರೆ ಆ ಪದ ನಾಲಿಗೆಗೆ ಬರುವುದಿಲ್ಲ."

ಗುರುಗಳು ಹೇಳಿದರು: "ಅರ್ಥ ಸರಿಯಾಗಿಯೇ ಹೇಳಿದ್ದೀಯ. ಈಗ ಅದು ಆಟದವರಿಗೂ ಆಫೀಸಿನವರಿಗೂ ಸಲ್ಲುವ ಪದ. ಹಿಂದೆ ಇಂಗ್ಲಿಷರ ನಾಡಿನ ರೈತರು ಒಂದೇ ನೊಗಕ್ಕೆ ಹೂಡಿದ ಎತ್ತುಗಳನ್ನೂ ಹಾಗೆಯೇ ಕರೆಯುತ್ತಿದ್ದರು. ಆದ್ದರಿಂದ ಎತ್ತುಗಳ ಕತೆಯನ್ನೇ ಕೇಳು."

ಒಬ್ಬ ರೈತನಿಗೆ ಒಂದು ಜೋಡಿ ಎತ್ತುಗಳಿದ್ದವು. ಒಂದು ಎಡಗೋಲಿನದು, ಇನ್ನೊಂದು ಬಲಗೋಲಿನದು. ನೊಗದ ಎಡಕ್ಕೆ ಪಳಗಿದ ಎತ್ತು ಎಡಕ್ಕೇ ನಡೆಯುತ್ತದೆ, ಬಲಕ್ಕೆ ಪಳಗಿದ್ದು ಬಲಕ್ಕೇ. ಅದಲು ಬದಲು ಮಾಡಿದರೆ ಸಾಲು ಕೆಡುತ್ತದೆ. ಇದು ರೈತರ ಮನೆಯ ಮಗುವಿಗೂ ಗೊತ್ತು.

ಬಿತ್ತನೆ ಹತ್ತಿರ ಬಂದಾಗ ಎಡಗೋಲಿನ ಎತ್ತು ಹಾವು ಕಚ್ಚಿ ಸತ್ತಿತು. ರೈತ ಅದನ್ನು ಹೊಲದ ಬದುವಿನ ಬಳಿ ಹೂತ. ಉಳಿದ ಎತ್ತನ್ನು ನೀರಿಗೆ ಹೊಡೆದುಕೊಂಡು ಹೋಗುವಾಗ ಅವನು ಒಂದು ಸಂಗತಿ ಗಮನಿಸಿದ. ದಾರಿ ಪೂರ್ತಿ ಖಾಲಿಯಿದ್ದರೂ ಅದು ಬಲಗಡೆಯ ಗಾಲಿ ಜಾಡಿನಲ್ಲೇ ನಡೆಯುತ್ತಿತ್ತು. ಎಡಕ್ಕೆ ಒಂದು ಎತ್ತು ನಡೆಯುವಷ್ಟು ಜಾಗ ಬಿಡುತ್ತಿತ್ತು. ಸತ್ತ ಜೊತೆಗಾರನಿಗಾಗಿ ಕಾಯುತ್ತಿದೆ ಎಂದುಕೊಂಡ ರೈತ.

ಹೊಲ ಹದಕ್ಕೆ ಬಂತು. ರೈತ ಸಂತೆಗೆ ಹೋಗಿ, ಕೇಳಿ ವಿಚಾರಿಸಿ, ಎಡಗೋಲಿನ ಎತ್ತನ್ನೇ ತಂದ. ಆದರೆ ಹೂಡಲು ನಿಂತಾಗ ಅವನ ಕೈ ಏಳಲಿಲ್ಲ. ಸತ್ತ ಎತ್ತಿನ ಜಾಗದಲ್ಲಿ ಹೊಸದನ್ನು ನೋಡಲು ಅವನಿಂದ ಆಗಲಿಲ್ಲ. ಹಳೆಯ ಎತ್ತನ್ನು ಎಡಕ್ಕೆ ತಂದ. ಹೊಸದನ್ನು ಬಲಕ್ಕೆ ಹೂಡಿದ.

ಎರಡೂ ಒಂದನ್ನೊಂದು ತಳ್ಳಿದವು. ನೇಗಿಲು ಒಮ್ಮೆ ಮೇಲೆದ್ದಿತು, ಒಮ್ಮೆ ಪಕ್ಕದ ಸಾಲಿಗೆ ಬಿತ್ತು. ಆಚೆ ಹೊಲದವನು ಬದುವಿನ ಮೇಲೆ ನಿಂತು ನೋಡಿದ.

"ಏನಣ್ಣ, ನೇಗಿಲು ಹೂಡಿದ್ದೀಯೋ, ಜಗಳ ಹೂಡಿದ್ದೀಯೋ?"

"ಹೊಸ ಎತ್ತು. ಇನ್ನೂ ಒಗ್ಗಿಲ್ಲ."

"ಎತ್ತು ಒಗ್ಗಿಯೇ ಬಂದಿದೆ ಕಣಣ್ಣ. ಒಗ್ಗದವನು ಹಿಂದೆ ನೇಗಿಲ ಮೇಳಿ ಹಿಡಿದಿದ್ದಾನೆ. ಬಿಸಿಲು ಹೀಗೇ ಕಾದರೆ ಹದ ಹೋಗುತ್ತದೆ. ಆಮೇಲೆ ವರ್ಷವಿಡೀ ಮನೆಯವರಿಗೆ ಏನು ತಿನ್ನಿಸುತ್ತೀಯ?"

ರೈತ ಎತ್ತುಗಳನ್ನು ಹಾಗೆಯೇ ಹೊಡೆದ. ಸಂಜೆ ನೊಗ ಇಳಿಸಿ ಎರಡನ್ನೂ ಮನೆಯ ದಾರಿಗೆ ಬಿಟ್ಟ. ಹಳೆಯ ಎತ್ತು ಎಂದಿನಂತೆ ಬಲಗಡೆಯ ಜಾಡು ಹಿಡಿಯಿತು. ಹೊಸ ಎತ್ತು ಸ್ವಲ್ಪ ದೂರ ಹಿಂದೆ ನಡೆಯಿತು. ಆಮೇಲೆ ಖಾಲಿ ಜಾಗ ಕಂಡು ಎಡಗಡೆಯ ಜಾಡಿಗೆ ಬಂತು. ರೈತ ಗದರಲು ಬಾಯಿ ತೆರೆದ. ಹಳೆಯ ಎತ್ತು ಅದನ್ನು ತಿವಿಯಲಿಲ್ಲ, ದೂರ ಸರಿಯಲೂ ಇಲ್ಲ. ಊರು ಮುಟ್ಟುವ ಹೊತ್ತಿಗೆ ಎರಡರ ನಡಿಗೆ ಒಂದಾಗಿತ್ತು. ರೈತ ಗದರುವುದನ್ನು ಬಿಟ್ಟು ಹಿಂದೆ ನಡೆದ.

ಬೆಳಿಗ್ಗೆ ಹೊಸ ಎತ್ತನ್ನು ಎಡಕ್ಕೆ ಹೂಡಿದ. ಸತ್ತ ಎತ್ತನ್ನು ಹೂತ ಕಡೆ ತಿರುವು ಬಂದಾಗ ಹಳೆಯದು ನಿಂತಿತು. ಹೊಸದೂ ನಿಂತಿತು. ರೈತ ಬಾರುಕೋಲು ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎರಡೂ ತಾವಾಗಿ ತಿರುಗಿದವು. ಹದ ಹೋಗುವುದರೊಳಗೆ ಬಿತ್ತನೆ ಮುಗಿಯಿತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ನೆಲ ನೋಡುತ್ತ ಕೇಳಿದ:

"ಹಾಗಾದರೆ ಆ ಹಳೆಯ ಎತ್ತು ತನ್ನ ಮೊದಲ ಜೊತೆಯನ್ನು ಮರೆತುಬಿಟ್ಟಿತೇ?"

"ಮರೆತಿದ್ದರೆ ಎಡಕ್ಕೆ ಜಾಗ ಬಿಡುತ್ತಿರಲಿಲ್ಲ" ಎಂದರು ಗುರುಗಳು.

ಮರುದಿನ ಚನ್ನವೀರ ಹೊಸ ಮೇಷ್ಟ್ರನ್ನು ಜಗಲಿಯಿಂದ ಒಳಗೆ ಕರೆದು, ಶಾಂತಯ್ಯನವರ ಕುರ್ಚಿಯನ್ನು ಅವರಿಗೆ ತೋರಿಸಿದ.